ಬೆಳೆ ಕೈಗೆ ಬರುವವರೆಗೆ

ನಮ್ಮಪ್ಪನಿಗೆ ರುಜು ಹಾಕುವುದೆಂದರೆ ಹಬ್ಬ. ಮೂರನೆಯ ಕ್ಲಾಸಿನವರೆಗೆ ಓದಿದ್ದ ಅವನು ನಮ್ಮೂರಿನ ರೈತರಲ್ಲಿ ಹೆಬ್ಬೆಟ್ಟು ಒತ್ತದ ನಾಲ್ಕೈದು ಜನರಲ್ಲಿ ಒಬ್ಬ. ಯಾರಾದರೂ ಕಾಗದ ಹಿಡಿದು ಬಂದರೆ ಸಾಕು, ಕೈಕಾಲು ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಟಾಕನ್ನು ಮಸಿಯಲ್ಲಿ ಅದ್ದಿ ಒಂದೊಂದೇ ಅಕ್ಷರ ಬರೆಯುತ್ತಿದ್ದ. ಕೊನೆಯ ಅಕ್ಷರಕ್ಕೆ ಒಂದು ಬಾಲ. ಆ ಬಾಲ ಕಾಗದದ ಅಂಚು ಮುಟ್ಟಿಯೇ ನಿಲ್ಲಬೇಕು. ಆದರೆ ಕಾಗದದಲ್ಲಿ ಏನಿದೆ ಎಂದು ಓದುವ ತಾಳ್ಮೆ ಅವನಿಗಿರಲಿಲ್ಲ. "ಓದೋದು ಬರಕೊಂಡು ಬಂದವರ ಕೆಲಸ, ರುಜು ಹಾಕೋದು ನನ್ನ ಕೆಲಸ" ಅನ್ನುತ್ತಿದ್ದ. ನಾನು ಓದಿದ್ದು, ಮುಂದೆ ನಾಲ್ಕು ಮಕ್ಕಳಿಗೆ ಓದು ಕಲಿಸಿದ್ದು, ಎಲ್ಲ ಅಪ್ಪನ ಈ ಚಟದಿಂದಲೇ ಎಂದರೆ ನೀವು ನಗಬಹುದು. ನಗಿ. ನನಗೂ ನಗು ಬರುತ್ತದೆ.

ಅದು ಮದರಾಸು ಸರ್ಕಾರದ ಕಾಲ. ತುಂಗಭದ್ರೆಗೆ ಅಣೆಕಟ್ಟು ಇನ್ನೂ ಬಂದಿರಲಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮೂರು. ರಾಯರ ಕಾಲದ ಕಾಲುವೆ ನಮ್ಮ ಹೊಲಗಳಿಗೆ ನೀರು ಕೊಡುತ್ತಿತ್ತು. ಬಾಳೆ, ಕಬ್ಬು, ಭತ್ತ, ಯಾವುದಕ್ಕೂ ಕೊರತೆಯಿರಲಿಲ್ಲ. ನಮ್ಮ ಹೊಲದ ಮೂಲೆಯಲ್ಲಿ ನಾಲ್ಕು ಕಂಬದ ಒಂದು ಕಲ್ಲುಮಂಟಪವಿತ್ತು. ಯಾವ ಅರಸು ಯಾವ ದೇವರಿಗೆ ಕಟ್ಟಿಸಿದ್ದನೋ, ನಮಗದು ಸಲಿಕೆ, ಗುದ್ದಲಿ, ಹಗ್ಗ ಇಡುವ ಜಾಗ.

ನನಗೆ ಆಗ ಹನ್ನೆರಡು ವರ್ಷ. ಐದನೆಯ ಕ್ಲಾಸು ಮುಗಿದಿತ್ತು. ಅವ್ವ ನನ್ನ ಮೂರನೆಯ ತಮ್ಮನನ್ನು ಹೆತ್ತಿದ್ದಳು, ತೊಟ್ಟಿಲ ಹಗ್ಗ ಹಿಡಿಯಲು ಮನೆಯಲ್ಲಿ ಒಂದು ಕೈ ಬೇಕಾಗಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪ ತೀರ್ಪು ಕೊಟ್ಟ.

"ಐದು ಕ್ಲಾಸ್ ಆತು. ಕಾಗದ ಓದಾಕ ಬರತೈತಿ, ಮಗ್ಗಿ ಬರತೈತಿ. ಇನ್ನ ಸಾಕು ಬಿಡು. ಬಿತ್ತಿಗಿ ಮುಗದಮ್ಯಾಲೆ ಸಾಲಿಗೆ ಬಂದು ಹೆಸರು ತೆಗಸ್ತೀನಿ."

ನಾನು ತಾಟು ಸರಿಸಿ ಎದ್ದುಹೋದೆ. ಸಿಟ್ಟು ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿ. ಓದಿ ಉದ್ಧಾರವಾಗಬೇಕೆಂಬ ದೊಡ್ಡ ಯೋಚನೆಯೇನೂ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ನನಗೆ ಬೇಕಾಗಿದ್ದದ್ದು ಭೂಗೋಳ. ಮೈಲಿ ದೂರದ ನಮ್ಮ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ಗಾಜಿನ ಬೀರುವಿನೊಳಗೆ ಒಂದು ಭೂಗೋಳವಿತ್ತು. ಅದನ್ನು ಹೊರಗೆ ತೆಗೆಯುತ್ತಿದ್ದದ್ದು ಆರನೆಯ ಕ್ಲಾಸಿನಿಂದ ಮೇಲಿನವರಿಗೆ ಮಾತ್ರ. ಐದು ವರ್ಷ ನಾನು ಆ ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ಒಂದು ಸಲ ಕೈಯಿಂದ ತಿರುಗಿಸಿ ನೋಡುವ ವೇಳೆಗೆ ಸರಿಯಾಗಿ ಅಪ್ಪ ಸಾಕು ಅಂದುಬಿಟ್ಟಿದ್ದ.

ಬಿತ್ತನೆ ಮುಗಿಯುವವರೆಗೆ ಅಪ್ಪನಿಗೆ ಶಾಲೆಯ ಕಡೆ ಬರಲು ಪುರುಸೊತ್ತಿಲ್ಲ. ಅಷ್ಟು ದಿನ ಹೋಗಿಬರುತ್ತೇನೆ ಎಂದು ಹಟ ಹಿಡಿದು ಹೋಗುತ್ತಿದ್ದೆ. ಆ ದಿನಗಳಲ್ಲೇ ಗೊಬ್ಬರದ ಸಾಹೇಬರು ನಮ್ಮ ಶಾಲೆಗೆ ಬಂದರು.

ಅವರು ಕೃಷಿ ಇಲಾಖೆಯವರು, ಮಂಗಳೂರಿನ ಕಡೆಯವರು. ಖಾಕಿ ಚಡ್ಡಿ, ತಲೆಗೆ ಟೋಪಿ, ಹಿಂದೆ ಬೀಜದ ಚೀಲ ಕಟ್ಟಿದ ಸೈಕಲ್ಲು. ಹೋದಲ್ಲೆಲ್ಲ ತಿಪ್ಪೆಯ ಮಹಿಮೆಯನ್ನು ಹೇಳುತ್ತಿದ್ದರಾದ್ದರಿಂದ ಹೊಸಪೇಟೆಯಿಂದ ಕಂಪ್ಲಿಯವರೆಗೆ ಅವರಿಗೆ ಅದೇ ಹೆಸರು. ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಅವರು ನಮ್ಮ ಹೆಡ್‌ಮೇಷ್ಟ್ರನ್ನು ಒಪ್ಪಿಸಿ ಮಕ್ಕಳ ಬೇಸಾಯ ಸಂಘವೊಂದನ್ನು ಕಟ್ಟಿದರು. ಸಂಘದ ಮಕ್ಕಳು ತಮ್ಮ ತಮ್ಮ ತುಂಡು ಭೂಮಿಯಲ್ಲಿ ಒಂದು ಬೆಳೆ ಬೆಳೆಯಬೇಕು; ಬೆಳೆ ಬಂದಾಗ ಸಾಹೇಬರು ಬಂದು ನೋಡಿ ಅಂಕ ಹಾಕುತ್ತಾರೆ; ಗೆದ್ದವರಿಗೆ ಹೊಸ ಉಕ್ಕಿನ ಸಲಿಕೆ. ನಿಯಮಗಳನ್ನು ದುಂಡಗೆ ಬರೆದು ಗಂಜಿ ಹಚ್ಚಿ ಶಾಲೆಯ ಬಾಗಿಲಿಗೆ ಅಂಟಿಸಿದರು.

ಹುಡುಗರು ಸಲಿಕೆಯ ಮಾತು ಆಡುತ್ತಿದ್ದಾಗ ನಾನು ಬಾಗಿಲ ಮುಂದೆ ನಿಂತು ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದೆ. ನನಗೆ ಚಿಕ್ಕಂದಿನಿಂದಲೂ ನಿಯಮ ಅಂದರೆ ಬೆಲ್ಲ. ಕುಂಟೆಬಿಲ್ಲೆ ಆಡುವಾಗಲೂ ಗೆರೆ ತುಳಿದವರನ್ನು ಹಿಡಿಯುವುದರಲ್ಲೇ ನನಗೆ ಆಟಕ್ಕಿಂತ ಹೆಚ್ಚು ಸುಖ. ಅಜ್ಜಿ ನನ್ನನ್ನು ವಕೀಲಮ್ಮ ಎಂದೇ ಕರೆಯುತ್ತಿದ್ದಳು.

ಹತ್ತು ವರ್ಷಕ್ಕೆ ಕಡಿಮೆ, ಹದಿನಾರಕ್ಕೆ ಹೆಚ್ಚು ಇರಬಾರದು. ವಯಸ್ಸಿಗೆ ಶಾಲೆಯ ದಾಖಲೆಯೇ ಸಾಕ್ಷಿ. ಭೂಮಿ ಎರಡು ಸೆಂಟಿಗೆ ಕಡಿಮೆ ಇರಬಾರದು, ಮದರಾಸು ಸರ್ಕಾರದ ಗಡಿಯೊಳಗೆ ಇರಬೇಕು. ಈ ಒಂದು ಸಾಲಿಗೆ ನನ್ನ ಪಕ್ಕದ ಬೆಂಚಿನ ಹುಡುಗ ಅತ್ತೇಬಿಟ್ಟ. ಅವನು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ, ಅವನಪ್ಪನ ಹೊಲ ಸಂಡೂರಿನ ಕಡೆ. ಸಂಡೂರು ಆಗ ರಾಜರ ಸೀಮೆ. ಅಲ್ಲಿ ಬೆಳೆದ ಮೂಲಂಗಿ ಮದರಾಸಿನ ಮೂಲಂಗಿಯಾಗುವಂತಿರಲಿಲ್ಲ. ಕೊನೆಗೆ ಆ ಮಾವನ ಹೆಂಡತಿ ತಮ್ಮ ಹಿತ್ತಿಲಲ್ಲಿ ಜಾಗ ಕೊಟ್ಟು ಅವನನ್ನು ಮದರಾಸಿಗೆ ಸೇರಿಸಿಕೊಂಡಳು.

ಇನ್ನೂ ಇದ್ದವು. ಬೆಳೆಯ ಕೆಲಸವೆಲ್ಲ ಸ್ವಂತ ಕೈಯಿಂದಲೇ ಆಗಬೇಕು. ದಿನ ದಿನದ ಕೆಲಸವನ್ನು ಪುಸ್ತಕದಲ್ಲಿ ಬರೆಯಬೇಕು. ತಂದೆಯ ಒಪ್ಪಿಗೆ ಪತ್ರ ಬೇಕು. ಆಮೇಲೆ ಎಲ್ಲಕ್ಕಿಂತ ಕೆಳಗೆ, ಗಂಜಿ ಸೋರಿ ಸ್ವಲ್ಪ ಮಸುಕಾಗಿದ್ದ ಒಂದು ಸಾಲು: "ನಾಟಿಯ ದಿನದಿಂದ ಬೆಳೆ ಕೈಗೆ ಬರುವವರೆಗೆ ಅಭ್ಯರ್ಥಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇರತಕ್ಕದ್ದು."

ನಾನು ಆ ಸಾಲನ್ನು ಮೂರು ಸಲ ಓದಿದೆ.

ಹೆಣ್ಣುಮಗಳು ಹೆಸರು ಕೊಟ್ಟಿದ್ದು ನೋಡಿ ಹೆಡ್‌ಮೇಷ್ಟ್ರು ತಲೆ ಕೆರೆದುಕೊಂಡರು. ಸಾಹೇಬರು ನಿಯಮದ ಪ್ರತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೂಡದು ಅಂತ ಎಲ್ಲಿಯೂ ಇಲ್ಲವಲ್ಲ ಮಾಸ್ಟ್ರೆ. ಬರೆದುಕೊಳ್ಳಿ" ಅಂದರು.

ಮನೆಗೆ ಓಡಿಬಂದವಳೇ ಅಜ್ಜಿಯನ್ನು ಹಿಡಿದೆ. ಅಪ್ಪನ ಅವ್ವ ಅವಳು. ಅಕ್ಷರ ಒಂದೂ ಬಾರದು, ಆದರೆ ಯಾವ ಬೆಳೆ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಅವಳ ನಾಲಿಗೆಯ ಮೇಲೆ.

"ಅಜ್ಜೀ, ಎಲ್ಲದಕ್ಕಿಂತ ತಡ ಆಗೋ ಬೆಳಿ ಯಾವುದು?"

"ಎಲ್ಲಾರೂ ಜಲ್ದಿ ಬರೋ ಬೆಳಿ ಕೇಳತಾರ, ನೀ ಏನಬೇ ಹಿಂಗ ಕೇಳತಿ?" ಎಂದಳು. ಆದರೂ ಲೆಕ್ಕ ಹಾಕಿದಳು. ಮೂಲಂಗಿಗೆ ಒಂದೂವರೆ ತಿಂಗಳು. ಬದನೆಗೆ ಮೂರು, ನಾಲ್ಕು. ಶೇಂಗಾಕ್ಕೆ ಅಷ್ಟೇ. ಕಬ್ಬಿಗೆ ವರ್ಷ. "ತೆಂಗು ಹಚ್ಚಿದರ ಏಳೆಂಟು ವರ್ಷ ನೋಡು."

ನಾನು ಕುಣಿದಾಡಿದೆ. ಏಳೆಂಟು ವರ್ಷ! ಆದರೆ ಮರುದಿನ ನೋಡಿದರೆ ಸಾಹೇಬರ ಬೆಳೆಗಳ ಪಟ್ಟಿಯಲ್ಲಿ ತೆಂಗು ಇರಲಿಲ್ಲ, ಕಬ್ಬೂ ಇರಲಿಲ್ಲ. ಇದ್ದದ್ದರಲ್ಲಿ ದೊಡ್ಡದು ಬಾಳೆ. ನಮ್ಮ ಕಡೆಯ ಸುಗಂಧಿ ಬಾಳೆ ಗೊನೆ ಹಾಕಿ ಕೈಗೆ ಬರಲು ಹದಿಮೂರು, ಹದಿನಾಲ್ಕು ತಿಂಗಳು. ಆರನೆಯ ಕ್ಲಾಸು ಇಡಿಯಾಗಿ ಬಂತು, ಮೇಲೆ ಏಳರ ಒಂದು ಚೂರು. ಭೂಗೋಳಕ್ಕೆ ಇಷ್ಟು ಸಾಕು ಎಂದುಕೊಂಡೆ.

ಒಪ್ಪಿಗೆ ಪತ್ರವನ್ನು ಅಪ್ಪನ ಮುಂದೆ ಹಿಡಿದಾಗ ಅವನ ಮುಖ ಅರಳಿತು. ಸರ್ಕಾರಿ ಕಾಗದ! ಕೈಕಾಲು ತೊಳೆದ, ಚಾಪೆ ಹಾಸಿಸಿದ. ಪತ್ರದಲ್ಲಿ ಎರಡು ಕಡೆ ರುಜುವಿಗೆ ಜಾಗವಿತ್ತು. ಮೇಲಿನದು ಈಗ ಹಾಕುವುದು: ಈ ತುಂಡು ಭೂಮಿಯಲ್ಲಿ ನಾನಾಗಲಿ ನನ್ನ ಆಳುಗಳಾಗಲಿ ಕೈ ಹಾಕುವುದಿಲ್ಲ, ಬೆಳೆ ಕೈಗೆ ಬರುವವರೆಗೆ ಮಗುವನ್ನು ಶಾಲೆ ಬಿಡಿಸುವುದಿಲ್ಲ ಎಂದು. ಕೆಳಗಿನದು ಕೊನೆಯಲ್ಲಿ ಹಾಕುವುದು: ಇಂಥ ದಿನ ಬೆಳೆ ಕೈಗೆ ಬಂದಿದೆ, ಇಲ್ಲಿಗೆ ಈ ಒಪ್ಪಿಗೆ ಮುಗಿಯಿತು ಎಂದು.

"ಎರಡೂ ಕಡೆ ಈಗ ಹಾಕಿಬಿಡ್ಲ್ಯಾ?" ಎಂದ ಅಪ್ಪ ಆಸೆಯಿಂದ.

"ಬ್ಯಾಡ. ಕೆಳಗಿಂದು ಬೆಳಿ ಬಂದಮ್ಯಾಲೆ."

"ಏನು, ಬದನಿ ಹಚ್ಚತಿಯೇನು?"

ನಾನು ಮಸಿಕುಡಿಕೆಯನ್ನು ಅವನ ಕೈಯ ಹತ್ತಿರ ಸರಿಸಿದೆ. ಬಾಲ ಕಾಗದದ ಅಂಚು ಮುಟ್ಟಿತು.

ನನ್ನ ತುಂಡು ಮಂಟಪದ ಪಕ್ಕದಲ್ಲಿತ್ತು, ಅಪ್ಪನ ಮಡಿಗಿಂತ ಒಂದು ಗೇಣು ಎತ್ತರದಲ್ಲಿ. ಅಪ್ಪನ ತೋಟದಲ್ಲಿ ಕಿತ್ತು ಬಿಸಾಡಿದ್ದ ಕಂದುಗಳಲ್ಲಿ ಒಳ್ಳೆಯವನ್ನು ಆರಿಸಿದೆ. ಬಾಳೆಯ ಬುಡದಲ್ಲಿ ಹುಟ್ಟುವ ಮರಿಗಿಡಕ್ಕೆ ನಾವು ಕಂದು ಅನ್ನುತ್ತೇವೆ. ಇಪ್ಪತ್ತು ಗುಂಡಿ ತೋಡುವ ಹೊತ್ತಿಗೆ ಅಂಗೈಯೆಲ್ಲ ಬೊಬ್ಬೆ. ಅಪ್ಪ ಸೋಮವಾರ ಹೊಸಪೇಟೆಗೆ ಹೋಗಿ ಮರುದಿನ ಬಂದವನು ನೋಡಿದರೆ ಇಪ್ಪತ್ತು ಕಂದು ಸಾಲಾಗಿ ನಿಂತಿವೆ.

"ಏನಲೇ ಇದು? ಬದನಿ ಅಂದಿದ್ದಿ."

"ನಾ ಎಲ್ಲಿ ಅಂದೆ? ನೀನ ಅಂದಿ."

ಅಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬೆರಳು ಮಡಿಸಿ ಎಣಿಸತೊಡಗಿದ. ಎರಡೂ ಕೈಯ ಬೆರಳು ಮುಗಿದು ಮತ್ತೆ ಮೊದಲಿನಿಂದ ಶುರುವಾದಾಗ ಅವನ ಹುಬ್ಬು ಮೇಲೇರಿತು. "ಕಿತ್ತು ಒಗೀತೀನಿ" ಎಂದು ಎದ್ದ. ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ನೆಟ್ಟ ಬಾಳೆಯನ್ನು ಗೊನೆ ಹಾಕುವ ಮುಂಚೆ ಕಡಿಯಬಾರದು, ಕೀಳಬಾರದು, ಬಸುರಿ ಹೆಣ್ಣಿಗೆ ಕೈ ಮಾಡಿದಷ್ಟೇ ಪಾಪ. ಅದನ್ನು ಅಪ್ಪನಿಗೆ ನೆನಪಿಸಲು ನಾನು ಬಾಯಿ ತೆರೆಯಬೇಕಾಗಲಿಲ್ಲ. ಬಗ್ಗಿದ ಕೈ ತಾನೇ ಹಿಂದೆ ಬಂತು.

ಮನೆಗೆ ಬಂದು ಅವ್ವನ ಮುಂದೆ ಕೂಗಾಡಿದ. "ನನ್ನ ರುಜೂಲೆ ನನ್ನ ಕೈ ಕಟ್ಟಿಸ್ಯಾಳ ನಿನ್ನ ಮಗಳು!" ಅವ್ವನಿಗೂ ಸಿಟ್ಟು ಬಂದಿತ್ತು, ತೊಟ್ಟಿಲು ತೂಗುವವರು ಯಾರು? ಆಗ ಅಜ್ಜಿ ಮೂಲೆಯಿಂದ ಕಾಲು ಚಾಚಿದಳು. "ಹಗ್ಗ ನನ್ನ ಕಾಲ್ಬೆರಳಿಗೆ ಕಟ್ರಿ. ಹೆಂಗೂ ಖಾಲಿ ಐತಿ." ಅಂದಿನಿಂದ ಅಜ್ಜಿ ಅವರೆಕಾಯಿ ಸುಲಿಯುತ್ತ ಕಾಲಿನಲ್ಲಿ ನನ್ನ ತಮ್ಮನನ್ನು ತೂಗಿದಳು.

ಹೀಗೆ ನಾನು ಆರನೆಯ ಕ್ಲಾಸಿನಲ್ಲಿ ಉಳಿದೆ. ಭೂಗೋಳವನ್ನು ಮುಟ್ಟಿದ ದಿನ ಅದರ ಮೇಲೆ ಧೂಳಿತ್ತು, ತಿರುಗಿಸಿದರೆ ಕಿರುಗುಟ್ಟಿತು. ನನಗೆ ಆದ ಸಂತೋಷ ಮಾತ್ರ ಅಷ್ಟಿಷ್ಟಲ್ಲ. ಮದರಾಸು ಸಿಕ್ಕಿತು, ಹೊಸಪೇಟೆ ಸಿಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಭೂಮಿ ಗುಂಡಗಿದೆ ಎಂದು ಮನೆಯವರಿಗೆಲ್ಲ ಸಾರಿದೆ.

"ಹಂಗಾದ್ರ ಕಾಲವಿ ನೀರು ಕೆಳಗ ಚೆಲ್ಲಂಗಿಲ್ಲೇನು?" ಎಂದ ಅಪ್ಪ.

ಪುಸ್ತಕದಾಗ ಹಂಗ ಬರದೈತಿ ಎಂದು ಗದರಿಸಿದೆ. ಆದರೆ ಅಪ್ಪನಿಗೆ ಅದು ತಲೆಯಲ್ಲಿ ಕುಳಿತಿತು. ವಾರದ ಮೇಲೆ ಶಾಲೆಗೆ ಬಾಳೆಹಣ್ಣು ಕೊಡುವ ನೆವ ಮಾಡಿಕೊಂಡು ಬಂದು, ಭೂಗೋಳದ ಮುಂದೆ ಕೈಕಟ್ಟಿ ನಿಂತು, "ನಮ್ಮ ಹೊಲ ಎಲ್ಲೈತ್ರಿ?" ಎಂದು ಕೇಳಿದನಂತೆ. ಹೆಡ್‌ಮೇಷ್ಟ್ರು ಬೆರಳು ಇಟ್ಟು ತೋರಿಸಿದರು. "ಇಷ್ಟೂ ನಿಮ್ಮ ಬೆರಳಿನಾಗ ಮುಚ್ಚಿಹೋತಲ್ರಿ" ಎಂದು ಅಪ್ಪ ನಕ್ಕನಂತೆ. ಹೆಸರು ತೆಗೆಸುವ ಮಾತು ಅಂದು ಎತ್ತಲಿಲ್ಲ.

ಇತ್ತ ನನ್ನ ತುಂಡಿನಲ್ಲಿ ನಿಯಮವೆಂದರೆ ನಿಯಮ. ನಾಗರಪಂಚಮಿಗೆ ಅವ್ವ ಹಾದಿಯಲ್ಲೇ ಇದ್ದ ನನ್ನ ಗಿಡದಿಂದ ಒಂದು ಎಲೆ ಕೊಯ್ಯಲು ಹೋದರೆ, ಅಡ್ಡ ನಿಂತೆ. ಸ್ವಂತ ಕೈಯಿಂದಲೇ ಆಗಬೇಕು, ಬೇಕಾದರೆ ಅರ್ಜಿ ಕೊಡು, ನಾನೇ ಕೊಯ್ದು ಕೊಡುತ್ತೇನೆ ಎಂದೆ. "ಹೆತ್ತಾಕಿ ಎಲಿಗೆ ಅರ್ಜಿ ಕೊಡಬೇಕೇನಬೇ?" ಎಂದು ಅವ್ವ ಕುಡುಗೋಲು ಝಳಪಿಸಿದಳು. ಆಮೇಲೆ ನಗು ತಡೆಯಲಾರದೆ, "ಆತು ತಾಯಿ, ಅರ್ಜಿ ಬಾಯಿಲೆ ಹಾಕೀನಿ, ಕೊಯ್ಯಿ" ಎಂದಳು. ಕೊಯ್ದು ಕೊಟ್ಟೆ. ಪುಸ್ತಕದಲ್ಲೂ ಬರೆದೆ: "ಅವ್ವನಿಗೆ ಒಂದು ಎಲೆ ಮಂಜೂರು."

ಆ ಪುಸ್ತಕ ಈಗ ಇದ್ದಿದ್ದರೆ ನಿಮಗೆ ತೋರಿಸುತ್ತಿದ್ದೆ. ನೀರು ಬಿಟ್ಟೆ, ಕಳೆ ಕಿತ್ತೆ, ಮಂಟಪದಲ್ಲಿ ಕುಳಿತು ಪಾಠ ಓದಿದೆ, ಒಂದು ದಪ್ಪ ಕಪ್ಪೆ ಬಂದಿತ್ತು, ಓಡಿಸಿದೆ. ಹೀಗೆ ದಿನ ದಿನವೂ.

ಉಳಿದವರ ಬೆಳೆಗಳು ಬೇಗ ಮುಗಿದವು. ಮೂಲಂಗಿ ಬಂತು, ಬದನೆ ಬಂತು. ಒಬ್ಬನ ಬದನೆಗಿಡ ಸರಿಯಾಗಿ ಕಾಯಿ ಬಿಟ್ಟಿರಲಿಲ್ಲ. ಅವನು ಹೊಸಪೇಟೆಯ ಸಂತೆಯಿಂದ ಒಳ್ಳೊಳ್ಳೆಯ ಕಾಯಿ ತಂದು ಬಾಳೆನಾರಿನಿಂದ ಗಿಡಕ್ಕೆ ಕಟ್ಟಿದ್ದ. ಸಾಹೇಬರು ಗಿಡದ ಮುಂದೆ ಬಹಳ ಹೊತ್ತು ನಿಂತು, "ಎಂತ ಮಾರಾಯ, ಒಂದೇ ಗಿಡದಲ್ಲಿ ಮುಳ್ಳುಬದನೆಯೂ ಉಂಟು, ಬಿಳಿ ಬದನೆಯೂ ಉಂಟು! ಇದನ್ನು ಮದರಾಸಿಗೇ ಕಳಿಸಬೇಕು" ಎಂದರು. ಹುಡುಗ ನಂಬಿ ಹಿಗ್ಗಿದ. ಸಲಿಕೆ ಕೊನೆಗೆ ಸಿಕ್ಕಿದ್ದು ಸಂಡೂರಿನ ಹುಡುಗನಿಗೆ, ಹಿತ್ತಿಲ ಮೂಲಂಗಿಗೆ. ಬಾಳೆಗೆ ಬೇರೆ ಸಲಿಕೆ ಇದೆ, ಅದು ಬಂದಾಗ ನೋಡೋಣ ಎಂದು ಸಾಹೇಬರು ನನಗೆ ಹೇಳಿದರು. ಸಲಿಕೆಯ ಆಸೆ ನನಗೂ ಹತ್ತಿತ್ತು ಅನ್ನಿ. ಮೊದಲು ಭೂಗೋಳ ಸಾಕು ಅಂದಿದ್ದವಳಿಗೆ ಈಗ ಎರಡೂ ಬೇಕು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಆಸೆ: ಗೆದ್ದವರು ಮುಂದಿನ ವರ್ಷವೂ ಸಂಘದಲ್ಲಿ ಮುಂದುವರಿಯಬಹುದು ಎಂಬ ನಿಯಮವಿತ್ತು. ಗೆದ್ದರೆ ಹೊಸ ಬೆಳೆ, ಹೊಸ ಒಪ್ಪಿಗೆ ಪತ್ರ, ಇನ್ನೊಂದು ವರ್ಷ ಶಾಲೆ. ಸೋತರೆ ತೊಟ್ಟಿಲು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ನನಗೆ ಚಳಿಜ್ವರ ಬಂತು. ನಮ್ಮ ಕಡೆ ಅದೇನು ಹೊಸದಲ್ಲ. ಪೋಸ್ಟಾಫೀಸಿನಿಂದ ಕ್ವಿನೈನ್ ಪೊಟ್ಟಣ ತಂದು ಬೆಲ್ಲದ ಜೊತೆ ನುಂಗಿಸಿದರು. ಹನ್ನೊಂದು ದಿನ ನಾನು ಕಂಬಳಿಯೊಳಗೆ. ಕನಸಿನಲ್ಲಿಯೂ ಗಿಡಗಳು ಎಲೆ ಜೋತುಹಾಕಿ ನಿಂತಿರುತ್ತಿದ್ದವು. ಹನ್ನೆರಡನೆಯ ದಿನ ಗೋಡೆ ಹಿಡಿದು, ಬದು ಹಿಡಿದು ಹೊಲಕ್ಕೆ ಹೋಗಿ ನೋಡಿದರೆ ಇಪ್ಪತ್ತೂ ಹಸುರಾಗಿ ನಿಂತಿವೆ. ಪಕ್ಕದ ಅಪ್ಪನ ಮಡಿಯಿಂದ ನೀರು ಜಿನುಗಿರಬೇಕು ಎಂದುಕೊಂಡೆ. ಪುಸ್ತಕದಲ್ಲಿ ಹನ್ನೊಂದು ದಿನ ಖಾಲಿ ಬಿಟ್ಟು, "ಜ್ವರ. ಗಿಡಗಳು ಸೌಖ್ಯ" ಎಂದು ಬರೆದೆ. ಇಷ್ಟು ನಿಯಮ ಬಾಯಿಪಾಠ ಮಾಡಿದವಳಿಗೆ ನೀರು ಯಾವ ಕಡೆ ಹರಿಯುತ್ತದೆ ಎಂಬುದು ಹೊಳೆಯಲಿಲ್ಲ.

ಶ್ರಾವಣದ ಹೊತ್ತಿಗೆ ಗೊನೆಗಳು ತುಂಬಿಕೊಂಡವು. ಭಾರಕ್ಕೆ ಗಿಡ ಬಾಗದಂತೆ ಊರುಗೋಲು ಕೊಟ್ಟಿದ್ದೆ. ಸಾಹೇಬರು ಬರುವ ದಿನ ಹೆಡ್‌ಮೇಷ್ಟ್ರು, ಸಂಘದ ಹುಡುಗರು, ಅಕ್ಕಪಕ್ಕದ ಹೊಲದವರು ಎಲ್ಲ ಸೇರಿದರು. ಅಪ್ಪ ವಿಭೂತಿ ಹಚ್ಚಿ ಬಿಳಿ ರುಮಾಲು ಸುತ್ತಿಕೊಂಡು ಬಂದಿದ್ದ. ಸಾಹೇಬರು ಗೊನೆಯ ಚಿಪ್ಪು ಎಣಿಸಿದರು, ಕಾಯಿಯನ್ನು ಹಿಡಿದು ನೋಡಿದರು, ಬುಡದ ಮಣ್ಣನ್ನು ಮೂಸಿದರು. "ಭೇಷ್! ಗೊಬ್ಬರ ಚೆನ್ನಾಗಿ ಕೊಳೆತದ್ದು" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಪುಸ್ತಕ ತೆರೆದರು. ಕಪ್ಪೆಗೆ ನಕ್ಕರು, ಅವ್ವನ ಎಲೆಗೆ ನಕ್ಕರು. ಖಾಲಿ ಹಾಳೆಗೆ ಬಂದಾಗ ನಗು ನಿಂತಿತು.

"ಈ ಹನ್ನೊಂದು ದಿನ ನೀರು ಯಾರು ಬಿಟ್ಟದ್ದು?"

"ಯಾರೂ ಇಲ್ರಿ. ಅಪ್ಪನ ಮಡಿಯಿಂದ ಜಿನುಗೈತ್ರಿ."

ಸಾಹೇಬರು ಎರಡೂ ಮಡಿಗಳನ್ನು ನೋಡಿದರು. "ನಿನ್ನದು ಒಂದು ಗೇಣು ಮೇಲೆ ಉಂಟು ಮಗು. ನೀರು ಮೇಲಕ್ಕೆ ಹತ್ತುವುದಿಲ್ಲ."

ಆಗ ಹಿಂದಿನಿಂದ ಅಪ್ಪನ ದನಿ ಬಂತು.

"ನಾ ಬಿಟ್ಟೀನ್ರಿ."

ನಾನು ತಿರುಗಿ ನೋಡಿದೆ. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಅಷ್ಟು ಜನರ ಮುಂದೆ ನನ್ನ ಸಿಟ್ಟು ಮೂಗಿನ ತುದಿ ದಾಟಿತು.

"ಯಾಕ ಬಿಟ್ಟಿ? ಕೈ ಹಾಕಂಗಿಲ್ಲ ಅಂತ ರುಜು ಹಾಕಿದ್ದಿಲ್ಲೇನು?"

"ಒಣಗತಿದ್ವಲ್ಲ ಯವ್ವಾ. ಎಲಿ ಎಲ್ಲ ಸುರುಳಿ ಸುತ್ತಿದ್ವು."

"ಒಣಗಿದರ ಒಣಗಲಿ ಅಂತ ಬಿಡಬೇಕಿತ್ತು!"

"ಅದ್ಹೆಂಗ ಬಿಡಾಕ ಬರತೈತಿ?" ಎಂದ ಅಪ್ಪ. ಅವನಿಗೆ ನನ್ನ ಮಾತು ನಿಜವಾಗಿಯೂ ತಿಳಿದಿರಲಿಲ್ಲ.

ನಾನು ಮಂಟಪದ ಕಂಬ ಹಿಡಿದು ಗಳಗಳ ಅತ್ತೆ. ಸಲಿಕೆಗಾಗಿ ಅಲ್ಲ, ಏಳನೆಯ ಕ್ಲಾಸಿಗಾಗಿ. ಅಂದು ನನಗೆ ಕಾಣಿಸದೇ ಹೋದದ್ದು ಈಗ ಕಾಣುತ್ತದೆ. ನನ್ನನ್ನು ಮನೆಗೆ ತರಲು ಅಪ್ಪ ಏನೂ ಮಾಡಬೇಕಾಗಿರಲಿಲ್ಲ. ಹನ್ನೊಂದು ದಿನ ಕೈಕಟ್ಟಿ ಕುಳಿತಿದ್ದರೆ ಸಾಕಾಗಿತ್ತು. ಬೆಳೆ ಹೋಗುತ್ತಿತ್ತು, ಒಪ್ಪಿಗೆ ಪತ್ರವೂ ಹೋಗುತ್ತಿತ್ತು, ರುಜುವಿಗೂ ಕುಂದು ಬರುತ್ತಿರಲಿಲ್ಲ. ಅದು ಬಿಟ್ಟು ಆ ಮನುಷ್ಯ ದಿನಾ ನಸುಕಿನಲ್ಲಿ ಬಂದು ನನ್ನ ಗಿಡಕ್ಕೆ ನೀರು ಬಿಟ್ಟು, ಕಳ್ಳನ ಹಾಗೆ ಹೋಗಿದ್ದ.

ಸಾಹೇಬರಿಗೂ ಬೇಸರವಾಗಿತ್ತು. ಆದರೆ ಅವರೂ ನನ್ನ ಜಾತಿಯವರೇ, ನಿಯಮದವರು. ನನ್ನ ಹೆಸರಿನ ಮುಂದೆ "ಅನರ್ಹ" ಎಂದು ಬರೆದರು. ಆಮೇಲೆ ಒಪ್ಪಿಗೆ ಪತ್ರವನ್ನು ತೆಗೆದು ಅಪ್ಪನ ಮುಂದೆ ಹಿಡಿದರು. "ಕೆಳಗೆ ಒಂದು ರುಜು ಹಾಕಿಬಿಡಿ ಯಜಮಾನರೆ. ಮುಗಿಸಿಬಿಡುವ."

ಅಪ್ಪ ಕಾಲುವೆಯಲ್ಲಿ ಕೈ ತೊಳೆದ. ಒರೆಸಿಕೊಂಡ. ಮಂಟಪದ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಸಾಹೇಬರು ತಮ್ಮ ಪೆನ್ನನ್ನು ಕೊಟ್ಟರು. ಅಂಥ ಪೆನ್ನನ್ನು ಅಪ್ಪ ಜನ್ಮದಲ್ಲಿ ಹಿಡಿದಿರಲಿಲ್ಲ. ಮುಚ್ಚಳ ತೆಗೆದ. ಆಮೇಲೆ ನಾನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳದ ಒಂದು ಮಾತು ಕೇಳಿದೆ.

"ಇದರಾಗ ಏನು ಬರದೈತ್ರಿ?"

ಸಾಹೇಬರು ಓದಿದರು. ಬೆಳೆ ಕೈಗೆ ಬಂದಿದೆ, ಇಲ್ಲಿಗೆ ಈ ಒಪ್ಪಿಗೆ ಮುಗಿಯಿತು.

ಅಪ್ಪ ಪೆನ್ನನ್ನು ಹಿಡಿದುಕೊಂಡೇ ನನ್ನನ್ನು ನೋಡಿದ, ಗಿಡಗಳನ್ನು ನೋಡಿದ. "ಬೆಳಿ ಎಲ್ಲಿ ಮುಗದೈತ್ರಿ ಸಾಹೇಬ್ರ? ಬುಡಕ ನೋಡ್ರಿ."

ಎಲ್ಲರೂ ಬುಡ ನೋಡಿದೆವು. ಪ್ರತಿ ಗಿಡದ ಬುಡದಲ್ಲೂ ಮೊಣಕಾಲೆತ್ತರದ ಕಂದು.

"ಗೊನಿ ಬಂದೈತಿ, ಖರೆ. ಬಾಳಿ ಇನ್ನ ಐತಿ. ಇದರ ಗೊನಿ ಬಂದಮ್ಯಾಲೆ ಇದರ ಕಂದು." ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟ. "ಈ ಕಾಗದದಾಗ ನಾ ಎರಡು ಮಾತು ಕೊಟ್ಟಿದ್ನಿ. ಕೈ ಹಾಕಂಗಿಲ್ಲ ಅಂದಿದ್ನಿ, ಹಾಕಿದೆ. ಅದು ಹೋತು. ಇನ್ನೊಂದನ್ನಾರ ಉಳಸ್ಕೋತೀನಿ ಬಿಡ್ರಿ. ರುಜು ಈಗ ಹಾಕಂಗಿಲ್ಲ."

ಸಾಹೇಬರು ಹೆಡ್‌ಮೇಷ್ಟ್ರ ಮುಖ ನೋಡಿದರು. ಹೆಡ್‌ಮೇಷ್ಟ್ರು ಮಂಟಪದ ಮೇಲ್ಛಾವಣಿ ನೋಡಿದರು. "ಕೂಡದು ಅಂತ ಎಲ್ಲಿಯೂ ಇಲ್ಲ" ಎಂದರು ಸಾಹೇಬರು ಕೊನೆಗೆ, ನಗುತ್ತ. ಕಾಗದ ಮಡಚಿ 'ಇದು ನಿಮ್ಮ ಹತ್ತಿರವೇ ಇರಲಿ' ಎಂದು ಅಪ್ಪನಿಗೇ ಕೊಟ್ಟರು. ಅಪ್ಪ ಅದನ್ನು ರುಮಾಲಿನೊಳಗೆ ಇಟ್ಟುಕೊಂಡ. ನನ್ನ ಮುಖ ನೋಡಿ, "ಅಳಬ್ಯಾಡ. ಕುಡುಗೋಲು ತಗೊಂಬಾ, ಗೊನಿ ಇಳಸೂನು. ಈಗ ಕೈ ಹಾಕಬೌದಲ್ಲ?" ಎಂದ. ಮೊದಲ ಗೊನೆಯ ಹಣ್ಣು ಮಾಗಿದ ಮೇಲೆ ಒಂದು ಚಿಪ್ಪು ಹಂಪಿಯ ವಿರೂಪಾಕ್ಷನಿಗೆ, ಒಂದು ಸಾಹೇಬರ ಸೈಕಲ್ಲಿಗೆ, ಉಳಿದದ್ದು ಶಾಲೆಗೆ ಹೋಯಿತು.

ಮುಂದೆ ಪ್ರತಿ ವರ್ಷವೂ ಅಪ್ಪ ನನ್ನನ್ನು ಹೊಲಕ್ಕೆ ಕರೆದು, "ಯಾವ ಕಂದು ಬಿಡೂನು ಹೇಳು" ಎಂದು ಕೇಳುತ್ತಿದ್ದ. ನಾನು ತೋರಿಸಿದ್ದನ್ನು ಬಿಟ್ಟು ಉಳಿದವನ್ನು ಕೀಳುತ್ತಿದ್ದ. ಏಳನೆಯ ಕ್ಲಾಸಿಗೆ ಬಂದ ಗೊನೆ ಪರವಾಗಿರಲಿಲ್ಲ. ಎಂಟನೆಯ ಕ್ಲಾಸಿನ ಗೊನೆಯಲ್ಲಿ ಕಾಯಿ ಬೆರಳು ಗಾತ್ರ. ನೆಲದ ಕಸುವು ಹೋಗಿದೆ, ಕಿತ್ತು ಬೇರೆ ಹಾಕು ಎಂದು ಊರವರು ಬುದ್ಧಿ ಹೇಳಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಟನೆಯ ಕ್ಲಾಸಿನ ಸರ್ಕಾರಿ ಪರೀಕ್ಷೆಯಲ್ಲಿ ನಾನು ಪಾಸಾದ ಸುದ್ದಿಯನ್ನು ಹೆಡ್‌ಮೇಷ್ಟ್ರೇ ಮನೆಗೆ ತಂದರು. ಅಜ್ಜಿ ದೃಷ್ಟಿ ತೆಗೆದಳು, ಅವ್ವ ಅಳುತ್ತ ಬೆಲ್ಲ ತಂದಳು. ಅಪ್ಪ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಆ ಕಾಗದ ತೆಗೆದ. ಮಡಿಕೆಗಳಲ್ಲಿ ಹರಿದಿತ್ತು. ಕೈಕಾಲು ತೊಳೆದ, ಚಾಪೆ ಹಾಸಿದ. ರುಜು ಹಾಕುವ ಮುಂಚೆ ಅಂದು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ, ಅಕ್ಷರ ಕೂಡಿಸಿ ಕೂಡಿಸಿ, ತಾನೇ ಗಟ್ಟಿಯಾಗಿ ಓದಿದ. ಬಹಳ ಹೊತ್ತು ಹಿಡಿಯಿತು. ಬೆಳೆ ಕೈಗೆ ಬಂದಿದೆ ಎಂಬಲ್ಲಿಗೆ ಬಂದಾಗ ನನ್ನ ಕಡೆ ನೋಡಿ, "ಈಗ ಬಂತು ನೋಡು" ಎಂದ.

ಕೆಳಗಿನ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದ. ಕೊನೆಯ ಅಕ್ಷರಕ್ಕೆ ಎಳೆದ ಬಾಲ ಕಾಗದದ ಅಂಚು ದಾಟಿ ಚಾಪೆಯ ಮೇಲೂ ಒಂದು ಗೇಣು ಹೋಯಿತು. ಆ ಮಸಿಯ ಗೆರೆ ಎಷ್ಟು ತಿಕ್ಕಿದರೂ ಹೋಗಲಿಲ್ಲ ಎಂದು ಅವ್ವ ವರ್ಷಗಟ್ಟಲೆ ಗೊಣಗುತ್ತಿದ್ದಳು.